ಆಸಿಫನ ಹಿಂದೆ ಕುಳಿತ ಬಿಳಿ ಬಟ್ಟೆಯವಳು

"ಅಯ್ಯಯ್ಯ! ಏನ್ರಿ ಇದು... ನನ್ನ ದುಪಟ್ಟಾ!"

ಆಲಮಟ್ಟಿ ಉದ್ಯಾನದ ಗೇಟಿನ ಮುಂದೆ ಬೈಕಿನಿಂದ ಇಳಿದ ನಿಷತ ಕೂಗಿದ ಕೂಗಿಗೆ, ಟಿಕೆಟ್ ಹರಿಯುತ್ತಿದ್ದವನೂ ತಲೆ ಎತ್ತಿ ನೋಡಿದ.

ಬಿಳಿ ಸಲ್ವಾರಿನ ಎಡಗಾಲಿನ ತುಂಬ, ಇಳಿಬಿದ್ದ ದುಪಟ್ಟಾದ ಅಂಚಿನ ತುಂಬ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳು!

ಮದುವೆ ನಿಶ್ಚಯವಾದ ಮೇಲೆ ಅವಳು ಆಸಿಫನ ಜೊತೆ ಒಬ್ಬಳೇ ಬಂದದ್ದು ಅದೇ ಮೊದಲು. ಅದೂ ಟಂಟಂ ಆಟೋದ ಕೃಪೆಯಿಂದ. ಮುದ್ದೇಬಿಹಾಳದಿಂದ ಬಂದ ಹೆಣ್ಣಿನ ಕಡೆಯವರು ಎಷ್ಟು ಒತ್ತಿ ಕುಳಿತರೂ ಒಬ್ಬರಿಗೆ ಜಾಗ ಸಾಲಲಿಲ್ಲ. ಹಿರಿಯರು ಮುಖ ಮುಖ ನೋಡಿಕೊಂಡು, "ಹೋಗ್ಲಿ ಬಿಡ್ರಿ, ನಾವು ಹಿಂದ ಬರ್ತೇವಲ್ಲ" ಎಂದುಬಿಟ್ಟರು. ದಾರಿಯುದ್ದಕ್ಕೂ ಇಬ್ಬರೂ ಒಂದು ಮಾತೂ ಆಡಲಿಲ್ಲ. ಆದರೂ ನಿಷತಳ ಎದೆ ಡವಡವ ಹೊಡೆದುಕೊಂಡಿತ್ತು.

ಈಗ ಆ ಡವಡವ ಎಲ್ಲಿಗೆ ಹೋಯಿತೋ!

"ಚೈನಿನ ಎಣ್ಣಿರಿ... ಮುಂಜಾನೆ ಹಾಕಿದ್ದೆ..." ಆಸಿಫ ತಡವರಿಸಿದ.

ಅಷ್ಟರಲ್ಲಿ ಟಂಟಂ ಬಂತು. ಎಲ್ಲರೂ ಇಳಿದರು. ಎಲ್ಲರ ಕಣ್ಣೂ ಅವಳ ಸಲ್ವಾರಿನ ಮೇಲೆ. ನಾಚಿಕೆಗೆ ಸಿಟ್ಟು ಬೆರೆತು ಬಾಯಿ ಜಾರಿತು.

"ಇಂಥಾ ಹೊಲಸು ಗಾಡಿ ಮ್ಯಾಲ ನಾ ಇನ್ನೊಮ್ಮೆ ಕೂಡೂದಿಲ್ಲ!"

ಆಸಿಫನ ಮುಖ ಸಣ್ಣಗಾಯಿತು. ಅಣೆಕಟ್ಟೆಯ ವಿದ್ಯುತ್ ಘಟಕದಲ್ಲಿ ದೊಡ್ಡ ದೊಡ್ಡ ಯಂತ್ರ ನೋಡಿಕೊಳ್ಳುವ ಆ ಆರಡಿ ಮನುಷ್ಯ, ತನ್ನ ಬೈಕಿನ ಹಿಂದೆ ಅಡಗಿಕೊಳ್ಳುವ ಹಾಗೆ ನಿಂತಿದ್ದ.

ಅಂದಿನಿಂದ ಅವನ ಫೋನು ಬರಲಿಲ್ಲ.

ಪಾತ್ರೆ ತಿಕ್ಕುವ ಸೋಪಿನಿಂದ ಉಜ್ಜಿ ಉಜ್ಜಿ ನಿಷತ ಕಲೆಯನ್ನೇನೋ ತೆಗೆದಳು. ಆಡಿದ ಮಾತನ್ನು ಯಾವ ಸೋಪಿನಿಂದ ತೆಗೆಯುವುದು? ತಾನೇ ಫೋನ್ ಮಾಡಲು ಎಷ್ಟೋ ಸಲ ಬೆರಳು ಮುಂದೆ ಹೋಯಿತು, ಹಿಂದೆ ಬಂತು.

'ಅಷ್ಟು ಸಣ್ಣ ಮಾತಿಗೆ ಇಷ್ಟು ಸಿಟ್ಟಾ? ಅಥವಾ ನಾನೇ ಬ್ಯಾಡ ಆದೆನಾ...?'

ಹೀಗಿರುವಾಗ ಒಂದು ಬುಧವಾರ ಚಿಕ್ಕಮ್ಮನ ಮಗಳು ಅಬಿದಾ ಏದುಸಿರು ಬಿಡುತ್ತ ಬಂದಳು. ಅವಳು ದಿನಾ ಆಲಮಟ್ಟಿ ಹತ್ತಿರದ ನಿಡಗುಂದಿಗೆ ಬಸ್ಸಿನಲ್ಲಿ ಕೆಲಸಕ್ಕೆ ಹೋಗಿ ಬರುವವಳು.

"ಅಕ್ಕಾ, ಹೇಳಬೇಕೋ ಬ್ಯಾಡೋ ತಿಳಿವಲ್ದು... ಆಸಿಫ ಭಾಯಿ ಗಾಡಿ ಹಿಂದ ಯಾರೋ ಕುಂತಿದ್ರು! ಬಿಳೇ ಬಟ್ಟಿ. ಹಾರ್‍ಯಾಡಾಕತ್ತಿತ್ತು. ನಿನ್ನೆನೂ ಕಂಡೆ, ಇವತ್ತೂ ಕಂಡೆ!"

"ಮುಖ?"

"ಬಸ್ಸು ಹಾದು ಹೋತು. ಕಾಣಲಿಲ್ಲ."

ಪಡಸಾಲೆಯಲ್ಲಿದ್ದ ಅಬ್ಬಾ ಗೈಬುಸಾಬರ ಕಿವಿಗೆ ಎಲ್ಲವೂ ಬಿತ್ತು. ಅವರು ಕೂಗಾಡುವವರಲ್ಲ. ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಮೆಲ್ಲಗೆ ಹೇಳಿದರು.

"ಶುಕ್ರವಾರ ನಮಾಜ್ ಮುಗಿಸಿ ನಾನ ಆಲಮಟ್ಟಿಗೆ ಹೋಗ್ತೇನಿ. ಮಾತು ಮುರದು ಬರ್ತೇನಿ."

ನಿಷತಳ ಕಣ್ಣುಗಳು ತುಂಬಿದವು. ಆದರೆ ಅವಳು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು. ಕಣ್ಣಾರೆ ನೋಡದೆ ಯಾವುದನ್ನೂ ನಂಬಿದವಳಲ್ಲ.

'ಯಾರವಳು? ಎಲ್ಲಿಗೆ ಹೋಗ್ತಾಳ ದಿನಾ?'

ಅಳುವಿನ ನಡುವೆಯೂ ಕುತೂಹಲ ಅವಳನ್ನು ಕೊರೆಯತೊಡಗಿತು. ಗುರುವಾರ ಶಾಲೆ ಬಿಟ್ಟ ಕೂಡಲೇ ಅಬಿದಾಳ ಕೈ ಹಿಡಿದು ಆಲಮಟ್ಟಿ ಬಸ್ಸು ಹತ್ತಿಬಿಟ್ಟಳು.

ಆಸಿಫನ ಮನೆಯ ಅಂಗಳದ ಬಾಗಿಲು ತೆರೆದೇ ಇತ್ತು. ಇಣುಕಿದಳು.

ಬೈಕು ನಿಂತಿದೆ. ಹಿಂದಿನ ಸೀಟಿನ ಮೇಲೆ ಬಿಳಿ ಬಟ್ಟೆಯವಳೂ ಇದ್ದಾಳೆ!

ನಿಷತ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಮರುಕ್ಷಣವೇ ಕಣ್ಣು ಕಿರಿದು ಮಾಡಿ ನೋಡಿದಳು. ಅದು... ದಿಂಬು! ಎರಡು ದಿಂಬುಗಳನ್ನು ನಿಲ್ಲಿಸಿ ಹಗ್ಗ ಬಿಗಿದು, ಬಿಳಿ ಹಾಸಿಗೆ ಹೊದಿಕೆ ಸುತ್ತಿ, ಅದರ ಅಂಚನ್ನು ಎಡಕ್ಕೆ ಇಳಿಬಿಡಲಾಗಿತ್ತು. ಅವತ್ತು ಅವಳ ದುಪಟ್ಟಾ ಇಳಿದಿದ್ದ ಹಾಗೆಯೇ.

"ಬಾರವ್ವಾ ಬಾ! ನೀನರೆ ಈ ಹುಚ್ಚಗ ಬುದ್ಧಿ ಹೇಳು!" ಒಳಗಿನಿಂದ ಅವನ ತಾಯಿ ರಾಜಬಿ ಬಂದರು. "ಮನಿಯಾಗ ಒಂದು ಬಿಳೇ ಬಟ್ಟಿ ಉಳಿಸಿಲ್ಲ ನೋಡು!"

ಹಗ್ಗದ ಮೇಲೆ ಸಾಲಾಗಿ ಒಣಗುತ್ತಿದ್ದವು ಬಿಳಿ ಹೊದಿಕೆಗಳು. ಎಲ್ಲದರ ಮೇಲೂ ಕಪ್ಪು ಚುಕ್ಕೆ!

ಬೈಕಿನ ಆಚೆಯಿಂದ ಆಸಿಫ ಎದ್ದು ನಿಂತ. ಮೊಣಕೈವರೆಗೆ ಎಣ್ಣೆ. ಅವಳನ್ನು ಕಂಡು ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

"ಏನ್ರಿ ಇದೆಲ್ಲಾ?"

"ನೀವ ಅಂದ್ರಲ್ಲಾ... ಈ ಗಾಡಿ ಮ್ಯಾಲ ಕೂಡೂದಿಲ್ಲಂತ. ಬಟ್ಟಿಗೆ ಕಲಿ ಬೀಳದಂಗ ಮಾಡಿದ ಮ್ಯಾಲನ ಫೋನ್ ಮಾಡೋಣ ಅನಕೊಂಡಿದ್ದೆ. ಅದು ಆಗವಲ್ದು!"

ನಿಷತ ಹಗ್ಗದ ಮೇಲಿನ ಹೊದಿಕೆಗಳನ್ನು ಮತ್ತೊಮ್ಮೆ ನೋಡಿದಳು. ಇಷ್ಟು ದಿನ ಈ ಮನುಷ್ಯ ಸಿಟ್ಟು ಮಾಡಿಕೊಂಡಿರಲಿಲ್ಲ. ಅವಳನ್ನು ಕೂಡಿಸಿಕೊಳ್ಳುವ ದಾರಿ ಹುಡುಕುತ್ತಿದ್ದ!

"ಅವತ್ತು ಯಾಕ ಅಷ್ಟು ಎಣ್ಣಿ ಹಾಕಿದ್ರಿ?"

"ಚೈನು ಕಿರ್ ಅಂತಿತ್ತುರಿ. ನೀವು ಬರೋ ದಿನ ಸಪ್ಪಳ ಮಾಡಬಾರ್ದಂತ..." ಅವನು ನೆಲ ನೋಡಿದ. "ಗ್ಯಾರೇಜಿಂದ ಹಳೇ ಇಂಜಿನ್ ಆಯಿಲ್ ತಂದು ಸುರುವಿದೆ."

ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ಕುತೂಹಲವೂ.

"ಆಮ್ಯಾಲ ಏನೇನು ಹಾಕಿ ನೋಡಿದ್ರಿ?"

"ಅವ್ವ ಕುಸುಬಿ ಎಣ್ಣಿ ಹಚ್ಚು, ಅದು ಕರ್‍ರಗ ಇರೂದಿಲ್ಲಂದ್ಲು."

"ಹೌದವ್ವಾ, ಒಗ್ಗರಣಿ ಎಣ್ಣಿ ಕಲಿ ಬಿದ್ರ ತೊಳೀಬಹುದಲ್ಲಾ!" ರಾಜಬಿ ಸಮರ್ಥಿಸಿಕೊಂಡರು.

"ಎರಡು ದಿನದಾಗ ಬೆಲ್ಲದ ಪಾಕದಂಗ ಅಂಟಾತುರಿ. ಹೊಲದ ದಾರಿ ಧೂಳೆಲ್ಲಾ ಹಿಡ್ಕೊಂತು. ಸೀಮೆಎಣ್ಣಿ ಹಾಕಿ ತಿಕ್ಕಬೇಕಾತು. ಈಗ ಚೈನಿಗಂತನ ಬರೋ ಸ್ಪ್ರೇ ತಂದೇನಿ. ಮೇಣದಂಗ ಒಣಗ್ತೈತಿ, ಧೂಳು ಹಿಡಿಯೂದಿಲ್ಲ ಅಂದ ಅಂಗಡಿಯಾಂವ. ಆದ್ರೂ ಸಿಡೀತೈತಿ!"

"ಹಚ್ಚಿ ಎಷ್ಟೊತ್ತಿಗೆ ಗಾಡಿ ಓಡಸ್ತೀರಿ?"

"ಹಚ್ಚಿದ ಕೂಡಲೇ. ಹಸಿ ಇದ್ದಾಗ ಓಡಿಸಿದ್ರ ಚಲೋ ಅಲ್ಲೇನ್ರಿ?"

ನಿಷತ ಹಣೆ ಚಚ್ಚಿಕೊಂಡಳು.

"ತಲಿಗೆ ಎಣ್ಣಿ ಹಚ್ಕೊಂಡು ಹಂಗ ಬಿಳೇ ದಿಂಬಿನ ಮ್ಯಾಲ ಮಲಗ್ತೀರೇನ್ರಿ? ಎಣ್ಣಿ ಇಳೀಬೇಕು. ಹೆಚ್ಚಾದದ್ದು ಒರಸ್ಬೇಕು. ಕೊಡ್ರಿ ಇಲ್ಲಿ ಡಬ್ಬಿ!"

ಆಸಿಫ ಊರ ಸುತ್ತ ಒಂದು ಸುತ್ತು ಹೊಡೆದು ಚೈನು ಬೆಚ್ಚಗೆ ಮಾಡಿಕೊಂಡು ಬಂದ. ಇಂಜಿನ್ ಬಂದ್ ಮಾಡಿ ದೊಡ್ಡ ಸ್ಟ್ಯಾಂಡ್ ಹಾಕಿದ. ಮೊದಲು ಹಳೆಯ ಬನಿಯನ್ ತುಂಡಿನಿಂದ ಚೈನು ಒರೆಸಿದರು. ಎಣ್ಣೆ ಟೈರಿಗೆ ಬಿದ್ದರೆ ಗಾಡಿ ಜಾರುತ್ತದೆಂದು, ಸಿಹಿ ತಿಂಡಿಯ ಡಬ್ಬದ ರಟ್ಟನ್ನು ನಿಷತ ಚೈನಿನ ಹಿಂದೆ ಹಿಡಿದಳು. ಅವನು ಮೆಲ್ಲಗೆ ಗಾಲಿ ತಿರುಗಿಸಿದ. ಅವಳು ಚೈನಿನ ಕೆಳಗಿನ ಸಾಲಿನಲ್ಲಿ, ಒಳಮಗ್ಗುಲಿಗೆ ತೆಳ್ಳಗೆ ಸ್ಪ್ರೇ ಹೊಡೆದಳು.

"ಒಳಗಡೆ ಯಾಕ್ರಿ?"

"ಗಾಲಿ ತಿರುಗಿದಾಗ ಎಣ್ಣಿ ತಾನ ಹೊರಗ ಬರ್ತೈತಿ. ಹೊರಗ ಹಚ್ಚಿದ್ರ ಸೀದಾ ನನ್ನ ದುಪಟ್ಟಾಕ್ಕ ಬರ್ತೈತಿ."

ಆಸಿಫ ಕಣ್ಣರಳಿಸಿ ನೋಡಿದ. ಚೈನನ್ನಲ್ಲ, ಅವಳನ್ನು. ಗಾಲಿ ತಿರುಗಿಸುವುದೇ ಮರೆತಿತ್ತು.

"ತಿರಗಸ್ರಿ!" ಅವಳ ಕೆನ್ನೆ ಕೆಂಪಾಯಿತು.

ಸ್ವಲ್ಪ ಹೊತ್ತು ಬಿಟ್ಟು ಹೆಚ್ಚಾದದ್ದನ್ನು ಒರೆಸಿದರು.

"ಮುಂಜಾನೆವರೆಗೂ ಮುಟ್ಟಬ್ಯಾಡ್ರಿ. ನಾಳೆ ನಮ್ಮ ಮನಿಗೆ ಬರ್ರಿ. ಇಕಿನ್ನೂ ಕರ್ಕೊಂಡು!" ಅವಳು ದಿಂಬಿನ ಕಡೆ ಕೈ ಮಾಡಿದಳು. ದನಿ ಸಣ್ಣದಾಯಿತು. "ನಮಾಜಿಗಿಂತ ಮೊದಲ ಬರ್ರಿ. ಆಮ್ಯಾಲ ಅಬ್ಬಾ ಮಾತು ಮುರಿಯಾಕ ಇಲ್ಲಿಗೆ ಬರ್ತಾರ."

ಆಸಿಫನ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು.

ಶುಕ್ರವಾರ ಬೆಳಿಗ್ಗೆ ಗೈಬುಸಾಬರ ಮನೆಯ ಮುಂದೆ ಬೈಕು ನಿಂತಿತು. ಹಿಂದೆ ಬಿಳಿ ಬಟ್ಟೆಯವಳು. ಓಣಿಯ ಜನ ಕಿಟಕಿಗೆ ಬಂದರು.

ಆಸಿಫ ಹೊರಗೆ ಬಂದ ಮಾವನಿಗೆ ಸಲಾಂ ಹೇಳಿ, ಹಗ್ಗ ಬಿಚ್ಚಿ, ಹೊದಿಕೆಯನ್ನು ಅವರ ಮುಂದೆ ಹರವಿದ. ಗೈಬುಸಾಬರು ಕನ್ನಡಕ ಏರಿಸಿ ಬಗ್ಗಿ ನೋಡಿದರು. ಮಗುಚಿ ಹಾಕಿ ನೋಡಿದರು. ಒಂದು ಚುಕ್ಕೆಯಿಲ್ಲ!

"ಇಕೀನ ಏನೋ, ನಿನ್ನ ಹಿಂದ ದಿನಾ ಕುಂತಾಕಿ?"

"ಹೌದ್ರಿ ಮಾಮಾ. ನಿಮ್ಮ ಮಗಳ ಜಾಗಾದಾಗ ಬ್ಯಾರೆ ಯಾರನ್ನ ಕೂಡಸ್ಲಿ?"

ಗೈಬುಸಾಬರ ಮೀಸೆ ಅದುರಿತು. ಆಮೇಲೆ ಹೊಟ್ಟೆ ಹಿಡಿದು ನಕ್ಕರು. ಬಾಗಿಲ ಹಿಂದೆ ನಿಂತಿದ್ದ ನಿಷತ ಬಾಯಿಗೆ ಅಂಗೈ ಒತ್ತಿಕೊಂಡು ನಗುತ್ತಲೇ ಅತ್ತಳು.

"ಬಜಾರದ ತನಕ ಹೋಗಿ ಬರ್ರಿ," ಎಂದರು ಅಬ್ಬಾ. "ದಿಂಬು ಇಲ್ಲೇ ಇರ್ಲಿ."

ಅವಳು ಬೇಕೆಂದೇ ಅದೇ ಬಿಳಿ ದುಪಟ್ಟಾ ಹೊದ್ದು ಬಂದಳು. ಬಜಾರ ದಾಟಿ, ಬೇವಿನ ಮರದ ಕೆಳಗೆ ಅವನು ಗಾಡಿ ನಿಲ್ಲಿಸಿದ. ಇಳಿದು ಅಂಚು ಹಿಡಿದು ನೋಡಿದಳು. ಹಾಲಿನಷ್ಟು ಬಿಳುಪು!

"ನಿಷತ..." ಅವನು ಅವಳ ಕಡೆ ತಿರುಗಿದ. "ಅವತ್ತು ನೀವು ಕೂಡೂದಿಲ್ಲ ಅಂದಾಗ, ಜೀವಾನ ಹೋದಂಗ ಆತು. ಈಗರೆ ಹೇಳ್ರಿ. ಜೀವನಾ ಪೂರ್ತಿ ಕೂಡ್ತೀರೇನ್ರಿ?"

"ಆ ಮಾತು ಸಿಟ್ಟಿಂದು, ಮನಸಿಂದಲ್ರಿ. ಕೂಡ್ತೇನಿ. ನೀವು ಬ್ಯಾಡಂದ್ರೂ ಕೂಡ್ತೇನಿ!"

ಅವಳು ಬಗ್ಗಿ ಕಿರುಬೆರಳಿನಿಂದ ಚೈನು ಮುಟ್ಟಿದಳು. ಬೆರಳ ತುದಿಗೆ ಬಂದ ಒಂದಿಷ್ಟು ಕಪ್ಪನ್ನು ಅವನ ಕಿವಿಯ ಹಿಂದೆ ಮೆಲ್ಲಗೆ ಹಚ್ಚಿದಳು.

"ಅಯ್ಯ, ಕಲಿ ಬಿತ್ತಲ್ರಿ!"

"ಬೀಳ್ಲಿ. ಕೆಟ್ಟ ನದರ ತಾಗಬಾರ್ದು."

"ಯಾರಿಗ್ರಿ? ಗಾಡಿಗೋ, ನನಗೋ?"

ಅವಳು ಹಿಂದಿನ ಸೀಟು ಹತ್ತಿ ಕುಳಿತು, ಮೊದಲ ಸಲ ಅವನ ಭುಜ ಹಿಡಿದಳು.

"ನಮಗ."