ನಾಲ್ಕು ಅಯ್ಯೋ

ಆ ವರ್ಷದ ಯುಗಾದಿಯಂದು ರಾಜ್ಯದ ಪೀಡಾಮಾಪನ ಪ್ರಾಧಿಕಾರ ಸಮಸ್ತ ನಾಗರಿಕರ ಗಮನಕ್ಕೆ ಒಂದು ಗಂಭೀರ ಪ್ರಕಟಣೆ ಹೊರಡಿಸಿತು. ನೋವನ್ನು ಅಳೆಯುವ ಮಾನದ ಹೆಸರು ಇನ್ನು ಮುಂದೆ ‘ಅಯ್ಯೋ’. ಮೂರು ಉಪಸಮಿತಿ ಮತ್ತು ಒಂದು ವಿದೇಶ ಪ್ರವಾಸದ ನಂತರ ‘ಅಮ್ಮಾ’ ಎಂಬ ಹೆಸರು ಎರಡು ಮತಗಳಿಂದ ಸೋತಿತ್ತು. ನೂರು ಅಯ್ಯೋ ಸೇರಿದರೆ ಒಂದು ‘ಅಯ್ಯಯ್ಯೋ’.

ಅಳೆಯುವ ಯಂತ್ರ ಮುಂಗೈಗೆ ಕಟ್ಟುವ ನೋವುಪಟ್ಟಿ. ನರಗಳಲ್ಲಿ ಹರಿಯುವ ಸಂಕೇತಗಳನ್ನು ಓದಿ ಅಂಕಿ ತೋರಿಸುತ್ತದೆ. ಅರವತ್ತು ದಾಟಿದರೆ ಕೂಗುತ್ತದೆ. ರಜೆ ಬೇಕಾದವರು, ಆಸ್ಪತ್ರೆಯಲ್ಲಿ ಸರದಿ ಬೇಕಾದವರು ಬಾಯಲ್ಲಿ ಹೇಳುವಂತಿರಲಿಲ್ಲ, ಪಟ್ಟಿ ತೋರಿಸಬೇಕಿತ್ತು.

ಮೈಸೂರಿನ ಮಾದೇಶ ಮಂಚದ ಕಾಲಿಗೆ ಕಿರುಬೆರಳು ತಗುಲಿಸಿಕೊಂಡಾಗ ಅವನ ಪಟ್ಟಿ ಎಪ್ಪತ್ತೊಂದು ಅಯ್ಯೋ ಎಂದು ಬೀದಿಗೆ ಕೇಳುವಂತೆ ಕೂಗಿತು. ಎದುರುಮನೆಯವರು ಐಸ್ ತಂದರು. ಪಕ್ಕದಲ್ಲೇ ಅವನ ಹೆಂಡತಿ ಚಂಪಕ ಬಿಸಿನೀರಿನ ಚೀಲ ಹೊಟ್ಟೆಗೊತ್ತಿಕೊಂಡು ನೆಲದ ಮೇಲೆ ಮುದುಡಿದ್ದಳು. ಅವಳ ಪಟ್ಟಿ ನಾಲ್ಕು ತೋರಿಸುತ್ತಿತ್ತು.

“ನಿಂದು ಕೆಟ್ಟೋಗಿದ್ಯೇನೇ?” ಎಂದ ಮಾದೇಶ, ಬೆರಳು ಊದುತ್ತಾ.

“ಕೆಟ್ಟಿರೋದು ನಾನು ರೀ. ಪಟ್ಟಿ ಹೊಸದು.”

ಅವಳಿಗಿದ್ದದ್ದು ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರದಂಥದೇ ಪದರ ಹೊರಗೆಲ್ಲ ಹಬ್ಬುವ ಕಾಯಿಲೆ. ಬಾಡಿಗೆ ಕರಾರಿಲ್ಲದೆ ಒಕ್ಕಲು ಕೂತವರ ಹಾಗೆ ಅಂಡಾಶಯ, ಕರುಳು ಎಲ್ಲೆಂದರಲ್ಲಿ ನೆಲೆಯೂರಿ ಮುಟ್ಟಿನ ದಿನಗಳಲ್ಲಿ ಹಿಂಡುತ್ತದೆ. ಆಮೇಲಾಮೇಲೆ ಉಳಿದ ದಿನಗಳಲ್ಲೂ ಹಿಂಡುತ್ತದೆ. ಹದಿನೈದು ವರ್ಷ ಹಿಂಡಿಸಿಕೊಂಡ ಚಂಪಕಳಿಗೆ ಈಗ ಮೂವತ್ತಾರು. ಮದುವೆಯಾಗಿ ಎಂಟು ವರ್ಷ, ಮಗುವಿಲ್ಲ. ‘ತೊಟ್ಟಿಲು’ ಎಂಬ ಹೊಸ ಯೋಜನೆಯಲ್ಲಿ ಶಸ್ತ್ರಚಿಕಿತ್ಸೆಯೂ ಪ್ರನಾಳ ಶಿಶು ಚಿಕಿತ್ಸೆಯೂ ಉಚಿತ. ಸತತ ಮೂರು ದಿನ ಅರವತ್ತು ಅಯ್ಯೋ ದಾಟಬೇಕು, ಅಷ್ಟೆ. ಅಂಡಗಳು ಮುಗಿಯುತ್ತಾ ಬಂದಿವೆ, ತಡಮಾಡಬೇಡಿ ಎಂದು ಡಾಕ್ಟರು ಹೇಳಿ ಆಗಲೇ ಆರು ತಿಂಗಳಾಗಿತ್ತು.

ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ದಿನವಿಡೀ ನಿಂತು ದುಡಿಯುವ ಅವಳಿಗೆ ಅಳತೆಯ ಉಪಕರಣಗಳ ಮೇಲೆ ಗೌರವವಿತ್ತು, ಭಕ್ತಿಯಿರಲಿಲ್ಲ. ಪಟ್ಟಿ ರೂಪಿಸಿದ ತಂಡದ ವಿಜ್ಞಾನಿ ಸೌದಾಮಿನಿ ಹೆಬ್ಬಾರರನ್ನು ನೇರವಾಗಿ ಹೋಗಿ ಕೇಳಿದಳು.

“ಮೇಡಂ, ಇದಕ್ಕೆ ಸೊನ್ನೆ ಎಲ್ಲಿಂದ ಬರುತ್ತೆ?”

“ನಿಮ್ಮಿಂದಾನೇ. ಕಟ್ಟಿದ ಮೊದಲನೇ ತಿಂಗಳು ನಿಮ್ಮ ದೇಹದ ಮಾಮೂಲಿ ಸ್ಥಿತಿ ಹೇಗಿದೆ ಅಂತ ಕಲಿಯುತ್ತೆ. ಅದನ್ನೇ ಸೊನ್ನೆ ಅಂದ್ಕೊಳ್ಳುತ್ತೆ.”

“ನನಗೆ ಮಾಮೂಲಿ ಅಂದ್ರೆ ನೋವೇ ಅಲ್ವಾ?”

ಹೆಬ್ಬಾರರು ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡು ಮತ್ತೆ ತೆಗೆದರು. “ನಾವು ಪರೀಕ್ಷೆ ಮಾಡಿದ್ದು ಆರೋಗ್ಯವಂತ ಹುಡುಗರ ಮೇಲೆ ಕಣ್ರೀ. ಫುಟ್‌ಬಾಲ್ ಟೀಮು.”

“ಗೆದ್ರಾ?”

ನಕ್ಕ ಹೆಬ್ಬಾರರು ಕೊನೆಗೆ ತಾವೇ ಒಂದು ಉಪಾಯ ಹೂಡಿದರು. ಋತುಚಕ್ರವನ್ನೇ ಮಲಗಿಸುವ ಹಾರ್ಮೋನ್ ಮಾತ್ರೆಯನ್ನು ಮೂರು ತಿಂಗಳು ತೆಗೆದುಕೊಳ್ಳುವುದು. ನೋವು ಇಳಿದ ಮೇಲೆ ಹೊಸ ಪಟ್ಟಿ ಕಟ್ಟಿ ನಿಜವಾದ ಸೊನ್ನೆ ಕಲಿಸುವುದು. ಮಾತ್ರೆ ನಿಲ್ಲಿಸಿ, ನೋವು ಮರಳಿದಾಗ ಅಂಕಿ ಹಿಡಿದು ಅರ್ಜಿ ಹಾಕುವುದು. ಮಗು ಬೇಕೆಂದೇ ಚಂಪಕ ಇಷ್ಟು ವರ್ಷ ಆ ಮಾತ್ರೆಯನ್ನು ದೂರವಿಟ್ಟಿದ್ದಳು. ಈಗ ಮಗು ಬೇಕೆಂದೇ ನುಂಗತೊಡಗಿದಳು. ಅವಳ ಡಾಕ್ಟರೂ ಒಪ್ಪಿ ಚೀಟಿ ಬರೆದರು.

ಮೂರನೇ ತಿಂಗಳ ಒಂದು ಭಾನುವಾರ ಅವಳು ಹಾಸಿಗೆಯ ಮೇಲೆ ಬೋರಲು ಮಲಗಿ ಕಾಲಾಡಿಸುತ್ತಿದ್ದಳು. ಮಾದೇಶ ಅವಳನ್ನು ಹಾಗೆ ನೋಡಿದ್ದೇ ಇಲ್ಲ.

“ಎಲ್ಲರೂ ಹಿಂಗೇ ಇರ್ತಾರಾ ರೀ?”

“ಹೆಂಗೆ?”

“ಹೊಟ್ಟೆ ಇದೆ ಅನ್ನೋದೇ ಮರ್ತೋಗೋ ಹಾಗೆ.”

ಮಾದೇಶನಿಗೆ ತನ್ನ ಹೊಟ್ಟೆ ತನಗೆ ನೆನಪಾಗುವುದು ಹಸಿವಾದಾಗ ಮಾತ್ರ ಎಂದು ಹೇಳಲು ನಾಚಿಕೆಯಾಯಿತು. “ಇನ್ನಾರು ತಿಂಗಳು ತಗೋ ಬೇಕಾದ್ರೆ,” ಎಂದ.

ಅವಳು “ಆಸೆ ತೋರಿಸ್ಬೇಡಿ,” ಎಂದು ಮಗ್ಗುಲಾದಳು. ತಿಂಗಳ ಕೊನೆಗೆ ಮಾತ್ರೆ ನಿಲ್ಲಿಸಿದಳು.

ನೋವು ಹಳೆಯ ನೆಂಟನಂತೆ ಚಪ್ಪಲಿ ಕೂಡ ಬಿಡದೆ ಒಳಗೆ ಬಂತು. ಎರಡನೇ ಮುಟ್ಟಿನ ಹೊತ್ತಿಗೆ ಪಟ್ಟಿ ಎಂಬತ್ತೆಂಟು ಎಂದು ಅರಚಿತು, ಮೂರು ದಿನವೂ. ವ್ಯತ್ಯಾಸವೆಂದರೆ, ಮೊದಲು ಅವಳಿಗೆ ನೋವು ಮಾತ್ರ ಗೊತ್ತಿತ್ತು. ಈಗ ಸೊನ್ನೆಯೂ ಗೊತ್ತಿತ್ತು. ಅದು ಗೊತ್ತಾಗಿ ಕಳೆದುಕೊಂಡ ನೋವಿಗೆ ಪಟ್ಟಿಯಲ್ಲಿ ಅಂಕಿಯಿರಲಿಲ್ಲ.

ಯೋಜನೆಯ ಅಧಿಕಾರಿ ಶಿವಲಿಂಗಪ್ಪ ಅವಳ ಅರ್ಜಿಯನ್ನು ಎರಡು ಸಲ ಓದಿದರು.

“ನೋವಿನ ಬಗ್ಗೆ ತಕರಾರೇ ಇಲ್ಲ ತಾಯಿ. ಫಸ್ಟ್ ಕ್ಲಾಸ್ ನೋವು. ಆದ್ರೆ ಈ ಮಾತ್ರೆ ಚೀಟಿ ಇದ್ಯಲ್ಲ... ಅರ್ಜಿ ಹಾಕೋಕೆ ಮುಂಚೆ ಹನ್ನೆರಡು ತಿಂಗಳು ಗರ್ಭ ತಡೆಯೋ ಔಷಧಿ ತಗೊಂಡಿರಬಾರದು. ಮಕ್ಕಳಿಗೆ ಪ್ರಯತ್ನ ಪಡ್ತಿದ್ರು ಅನ್ನೋದಕ್ಕೆ ಅದೇ ಆಧಾರ.”

“ನೋವಿಗೆ ಅಂತ ತಗೊಂಡಿದ್ದು ಸಾರ್.”

“ನನಗೆ ಗೊತ್ತಾಯ್ತಮ್ಮ. ಮಾತ್ರೆಗೆ ಗೊತ್ತಿಲ್ವಲ್ಲ. ಒಂದು ವರ್ಷ ಬಿಟ್ಟು ಬನ್ನಿ.”

“ಬರ್ತೀನಿ. ಈ ಎಂಬತ್ತೆಂಟು ಅಲ್ಲೀವರೆಗೂ ಇರುತ್ತಾ?”

ಶಿವಲಿಂಗಪ್ಪ ನಿಯಮದ ಪುಸ್ತಕ ತಿರುವಿದರು. ಅವರ ದನಿ ಇಳಿಯಿತು. “ಪಟ್ಟಿ ವರ್ಷಕ್ಕೊಂದ್ಸಲ ಹೊಸ ಸೊನ್ನೆ ಹಾಕ್ಕೊಳ್ಳುತ್ತೆ. ತಾನಾಗೇ. ಯುಗಾದಿ ದಿನ.”

ಚಂಪಕ ಕಾಗದಗಳನ್ನು ಜೋಡಿಸಿಕೊಂಡು ಎದ್ದಳು. ಜಗಳವಾಡಲು ಬೇಕಾದ ಶಕ್ತಿಯನ್ನು ಮೆಟ್ಟಿಲಿಳಿಯಲು ಉಳಿಸಿಕೊಂಡಳು.

ಸಿಟಿ ಬಸ್ಸು ಹತ್ತುತ್ತಲೇ ಪಟ್ಟಿ ಕೂಗಿತು. ಮುಂದಿನ ಸೀಟಿನ ಇಬ್ಬರು ಗಂಡಸರು ಬೆಂಕಿ ತಗುಲಿದವರಂತೆ ಎದ್ದು ಜಾಗ ಬಿಟ್ಟರು. ಹದಿನೈದು ವರ್ಷದಲ್ಲಿ ಮೊದಲ ಬಾರಿಗೆ ಯಾರೋ ಅವಳಿಗಾಗಿ ಎದ್ದಿದ್ದರು. ಅವಳು ಕೂತು ಕಣ್ಣು ಮುಚ್ಚಿದಳು.

ಟಿಕೆಟ್ ಕೊಟ್ಟ ಕಂಡಕ್ಟರ್ ಹುಡುಗಿ ಮುಂದೆ ಹೋಗಲಿಲ್ಲ. ಒಂದು ಕೈ ಕಂಬಿಯ ಮೇಲಿತ್ತು, ಇನ್ನೊಂದು ಸೊಂಟಕ್ಕೊತ್ತಿತ್ತು. ಆ ಮುಂಗೈಯ ಪಟ್ಟಿಯಲ್ಲಿ ಮೂರು ಎಂದಿತ್ತು.

ಹುಡುಗಿ ಬಗ್ಗಿ ಮೆಲ್ಲಗೆ ಕೇಳಿದಳು: “ಅಕ್ಕಾ, ನಿಮ್ದು ಹೆಂಗೆ ಕೂಗುತ್ತೆ? ನಂದು ಎಷ್ಟೇ ನೋವಾದ್ರೂ ಬಾಯೇ ಬಿಡಲ್ಲ.”

ಚಂಪಕ ಕಣ್ಣು ತೆರೆದು ಅವಳನ್ನು ನೋಡಿದಳು. ಪಕ್ಕಕ್ಕೆ ಸರಿದು ಜಾಗ ಮಾಡಿದಳು.

“ಹೇಳಿಕೊಡ್ತೀನಿ, ಕೂತ್ಕೋ. ಮೊದಲು ನೀನು ಹೇಳು, ಮಕ್ಕಳು ಬೇಕಾ?”