ಹುರಿದ ನೆಲ

ನಮ್ಮ ಬೀದಿಯಲ್ಲಿ ಆದ ಮದುವೆಗಳನ್ನೆಲ್ಲ ಕುದುರಿಸಿದವಳು ನಾನೇ. ಅರ್ಧ ಸುಳ್ಳು, ಒಪ್ಪಿದೆ. ಆದರೆ ನಮ್ಮ ಬೀದಿ ಕೊನೆಯಲ್ಲಿ ಸಸಿ ಮಾರುವ ನರ್ಸರಿಯವಳ ಕೋಪವಿದೆಯಲ್ಲ, ಅದನ್ನು ಇದ್ದದ್ದಕ್ಕಿಂತ ದೊಡ್ಡದು ಮಾಡಿ ಹೇಳಲು ನನ್ನ ಕೈಯಲ್ಲೂ ಆಗದು.

ಪಕ್ಕದ ಕಾರ್ಖಾನೆಯವರು ವರ್ಷಗಟ್ಟಲೆ ಹರಿಬಿಟ್ಟ ಕೆಟ್ಟ ಎಣ್ಣೆ ಅವಳ ನೆಲಕ್ಕೆ ಇಳಿದಿತ್ತು. ಗಿಡಗಳು ಬುಡದಿಂದಲೇ ಕಪ್ಪಾದವು. ಇವಳು ಅವರ ಬಾಗಿಲಲ್ಲಿ ನಿಂತು ಕೂಗಾಡಿದ್ದಕ್ಕೆ, ಮಣ್ಣು ಶುದ್ಧ ಮಾಡುವ ಕಂಪನಿಯನ್ನು ಅವರೇ ಕರೆಸಿದರು.

ಬಂದವನು ಎಂಜಿನಿಯರ್. ನೆಲಕ್ಕೆ ಕಬ್ಬಿಣದ ಕೊಳವೆ ಇಳಿಸಿ, ಕರೆಂಟು ಕೊಟ್ಟು ಕೆಂಡದ ಹಾಗೆ ಕಾಯಿಸಿ, ಆವಿಯಾಗಿ ಎದ್ದ ವಿಷವನ್ನು ಹೀರಿ ತೆಗೆದ. ಬೀದಿಯವರು ಅವನಿಗೆ 'ಹುರಿಗಾರ' ಎಂದೇ ಹೆಸರಿಟ್ಟರು.

ಅವಳು ಬೇಲಿಗೆ ಆತು ನಿಂತು ನೋಡುತ್ತಿದ್ದಳು. ಕೊಳವೆಯನ್ನೋ, ಕೊಳವೆಯವನನ್ನೋ! ಅವನಿಗೂ ಬೆವರು ಒರೆಸಿಕೊಳ್ಳಲು ಬೇಲಿಯ ಕಡೆಗೇ ತಿರುಗಬೇಕು.

"ಮಣ್ಣು ಈಗ ಹಾಲಿನಷ್ಟು ಶುದ್ಧ ಕಣ್ರೀ," ಎಂದು ನಕ್ಕು ಹೋದ.

ಆಮೇಲೆ ಅವಳು ನೆಟ್ಟ ಹೊಸ ಸಸಿಗಳು ಎರಡೆಲೆ ಬಿಟ್ಟು ಬಾಡಿದವು. ಅಗೆದು ನೋಡಿದರೆ ಇಟ್ಟಿಗೆ ಪುಡಿ! ಒಂದು ಎರೆಹುಳುವೂ ಇಲ್ಲ.

ಬಕೆಟ್ ತುಂಬ ಮಣ್ಣು ಹೊತ್ತು ಆಫೀಸಿಗೇ ಹೋಗಿ ಅವನ ಮೇಜಿನ ಮೇಲೆ ಸುರಿದಳು.

"ವಿಷ ತೆಗೀರಿ ಅಂದೆ, ಜೀವ ತೆಗೀರಿ ಅಂದ್ನಾ? ತಲೆನೋವು ಅಂದ್ರೆ ತಲೇನೇ ಕಡಿಯೋ ಡಾಕ್ಟ್ರು ನೀವು!"

"ಹೀಗಾಗುತ್ತೆ ಅಂತ ಗೊತ್ತಿತ್ತು," ಅಂದ ಅವನು ಮೆಲ್ಲಗೆ. "ಹೇಳಿದ್ರೆ ಬೇಡ ಅಂತೀರೇನೋ ಅಂತ..."

"ನನ್ನ ನೆಲದ ವಿಷಯ ನನ್ನ ಹತ್ರಾನೇ ಮುಚ್ಚಿಟ್ರಾ?"

ಅವಳಿಗೆ ಮಣ್ಣಿಗಿಂತ ಇದೇ ಹೆಚ್ಚು ಉರಿಯಿತು. ಹಾಗಾದರೆ ಬೇಲಿಯ ಬಳಿ ನಕ್ಕದ್ದೂ ಸುಳ್ಳೇ?

ಭಾನುವಾರ ಅವನು ಗೇಟಿನ ಮುಂದೆ ಹಾಜರು. ಕೈಯಲ್ಲಿ ಊಟದ ಡಬ್ಬಿ. ಒಳಗೆ ಒದ್ದೆ ಗೊಬ್ಬರ, ಪುಳುಪುಳು ಹರಿದಾಡುವ ಎರೆಹುಳು.

"ಏನಿದು, ಲಂಚಾನಾ?"

"ನೆಲಕ್ಕೆ ಜೀವ ಬರೋಕೆ ಎರಡು ಮಳೆಗಾಲ ಬೇಕು. ಬರದೇನೂ ಇರಬಹುದು. ಈ ಸಲ ಏನೂ ಮುಚ್ಚಿಡಲ್ಲ. ದಿನಾ ಬಂದು ಗೊಬ್ಬರ ಹಾಕ್ತೀನಿ."

"ದಿನಾ ಬೈತೀನಿ."

"ಅದಕ್ಕೇ ಬರ್ತಿರೋದು."

ಅವಳ ತುಟಿ ನಗಲು ಹೊರಟಿತ್ತು, ಕಚ್ಚಿ ಹಿಡಿದಳು. ಗುದ್ದಲಿ ತಂದು ಅವನ ಕೈಗಿಟ್ಟಳು. ಸಂಜೆಯವರೆಗೆ ಅವನು ಅಗೆದ, ಇವಳು ಬೈದಳು.

ಹೊರಟಾಗ ಡಬ್ಬಿಯನ್ನು ಕಿತ್ತುಕೊಂಡಳು. "ಇದು ಇಲ್ಲೇ ಇರ್ಲಿ. ನಾನಿನ್ನೂ ಕ್ಷಮಿಸಿಲ್ಲ, ಗೊತ್ತಿರ್ಲಿ. ನಾಳೆ ನಾನೇ ತುಂಬಿಸಿ ಕೊಡ್ತೀನಿ."

ಏನು ತುಂಬಿಸಿಟ್ಟಳು? ಹುಳುವೋ, ಊಟವೋ? ಹೇಳಿ ನೋಡೋಣ.