ಪೋಂ ಪೋಂ ಮಾಮನ ಕಪ್

“ಅಬ್ಬಾ! ಯಾರಪ್ಪಾ ಇಷ್ಟು ಗಲೀಜಾಗಿ ಟೀ ಕುಡಿದೋರು?”

ಸ್ಟೂಲಿನ ಮೇಲೆ ನಿಂತು ಕಪ್‌ಗಳನ್ನು ತೊಳೆಯುತ್ತಿದ್ದ ಜೀರಿಗೆ ಮೂಗು ಮುರಿದಳು. ಅವಳ ಕೈಯಲ್ಲಿದ್ದ ಬಿಳಿ ಕಪ್ಪಿನ ಅಂಚಿನ ಸುತ್ತ ಕಂದು ಬಣ್ಣದ ಕಲೆ. ಯಾರೋ ಟೀ ಕುಡಿದು ಕಿಟಕಿಯ ಹತ್ತಿರ ಹಾಗೇ ಬಿಟ್ಟುಹೋಗಿದ್ದರು. ಅವಳು ಸೋಪು ಹಾಕಿ ಗಸಗಸ ಉಜ್ಜಿದಳು. ಕಲೆ ಹೋಗೇ ಹೋಯಿತು. ಭೇಷ್!

ಜೀರಿಗೆ ಎಂಬುದು ಅವಳ ನಿಜವಾದ ಹೆಸರಲ್ಲ. ನಾಲ್ಕನೇ ಕ್ಲಾಸಿಗೆಲ್ಲ ಅವಳೇ ಕುಳ್ಳಿ, ಬಾಯಿ ಮಾತ್ರ ಜೋರು. ಅದಕ್ಕೇ ದೊಡ್ಡಮ್ಮ ಹಾಗೆ ಕರೆಯುತ್ತಿದ್ದಳು. ಶಾಲೆಗೆ ರಜೆ ಬಂದಿದ್ದರಿಂದ ಅಮ್ಮ ಕೆಲಸಕ್ಕೆ ಹೋಗುವಾಗ ಜೀರಿಗೆಯನ್ನು ದೊಡ್ಡಮ್ಮನ ಮನೆಯಲ್ಲಿ ಬಿಡುತ್ತಿದ್ದಳು. ಆ ಮನೆಯ ಹಿಂದಿನ ಕೋಣೆಯೇ ವರ್ಕ್‌ಶಾಪ್. ದೊಡ್ಡಮ್ಮ ಅಲ್ಲಿ ಪಿಂಗಾಣಿ ಕಪ್, ತಟ್ಟೆಗಳ ಮೇಲೆ ಹೂವು ಬಳ್ಳಿ ಬಿಡಿಸಿ, ಆಮೇಲೆ ಅವನ್ನು ಕರೆಂಟ್ ಭಟ್ಟಿಯಲ್ಲಿ ಸುಡುತ್ತಿದ್ದಳು. ಬೇರೆಯವರಿಗೂ ಕಲಿಸುತ್ತಿದ್ದಳು.

ಜೀರಿಗೆಗೆ ಮಾತ್ರ ಇನ್ನೂ ಒಂದು ಕಪ್ಪೂ ಸಿಕ್ಕಿರಲಿಲ್ಲ.

“ನಿನಗೆ ಎಲ್ಲಾದಕ್ಕೂ ಅವಸರ ಕಣೇ. ಮೊದಲು ಒಡೆದ ಚೂರಿನ ಮೇಲೆ ಗೆರೆ ಎಳೆಯೋದು ಕಲಿ,” ಎಂದಿದ್ದಳು ದೊಡ್ಡಮ್ಮ. ಹಾಗಾಗಿಯೇ ಇವತ್ತು ದೊಡ್ಡಮ್ಮ ಅಡುಗೆಮನೆಯಲ್ಲಿದ್ದಾಗ ಯಾರೂ ಹೇಳದೆ ಜೀರಿಗೆ ಕಪ್ ತೊಳೆಯಲು ನಿಂತಿದ್ದು. ಖುಷಿಯಾಗಿ ದೊಡ್ಡಮ್ಮ ಒಂದು ಕಪ್ ಕೊಟ್ಟೇಬಿಡುತ್ತಾಳೆ ಎಂದು ಅವಳ ಲೆಕ್ಕ. ಪಾಪ!

ತೊಳೆದ ಕಪ್‌ಗಳನ್ನೆಲ್ಲ ಅವಳು ದೊಡ್ಡಮ್ಮ ಇಡುವ ಹಾಗೆಯೇ ಸಾಲಾಗಿ ಬೋರಲು ಹಾಕುವಷ್ಟರಲ್ಲಿ ಹೊರಗೆ “ಪೋಂ ಪೋಂ” ಎಂದು ಸದ್ದಾಯಿತು.

ಹಾರನ್ ಅಲ್ಲ, ಬಾಯಲ್ಲಿ ಮಾಡಿದ ಸದ್ದು. ಬಸ್ ಡ್ರೈವರ್ ಮಾಮ ಬಂದರೆ ಹೀಗೆಯೇ. ಇಷ್ಟು ದಪ್ಪ ಮೀಸೆ, ಮಗುವಿನಂಥ ನಗು. ದೊಡ್ಡಮ್ಮನ ಕ್ಲಾಸಿನಲ್ಲಿ ಜೀರಿಗೆಯ ಜೊತೆ ಸರಿಸಮಕ್ಕೆ ಹರಟೆ ಹೊಡೆಯುವವನು ಅವನೊಬ್ಬನೇ. ಸದ್ದು ಕೇಳಿ ಅಡುಗೆಮನೆಯಿಂದ ದೊಡ್ಡಮ್ಮನೂ ಬಂದಳು.

“ಟೀಚರ್, ಡ್ಯೂಟಿಗೆ ಹೊರಟಿದ್ದೆ. ಭಟ್ಟಿಗೆ ಇಡೋ ಮುಂಚೆ ಒಂದ್ಸಲ ಕಪ್ ನೋಡಿ ಹೋಗೋಣ ಅಂತ ಬಂದೆ,” ಎಂದು ಅವನು ಟವೆಲಿನಲ್ಲಿ ಸುತ್ತಿದ್ದ ಒಂದು ಸಾಸರ್ ಹೊರತೆಗೆದ. ಬಿಳಿ ಸಾಸರ್, ಅಂಚಿಗೆ ತೆಳುವಾದ ಚಿನ್ನದ ಗೆರೆ.

“ಇದರ ಕಪ್ ಎಲ್ಲಿ ಮಾಮ?” ಎಂದಳು ಜೀರಿಗೆ.

“ನನ್ನ ಹೆಂಡತಿಗೆ ಅವರಮ್ಮ ಕೊಟ್ಟಿದ್ದ ಕಪ್ ಪುಟ್ಟಾ. ನಾನೇ ಬೀಳಿಸಿ ಒಡೆದುಹಾಕಿದೆ. ‘ಹೋಗ್ಲಿ ಬಿಡಿ, ಕಪ್ ತಾನೇ’ ಅಂದಳು. ಆದ್ರೆ ಈ ಸಾಸರ್ ಒಂದನ್ನೇ ಒರೆಸಿ ಒರೆಸಿ ಬೀರುವಲ್ಲಿ ಇಟ್ಕೊಂಡಿದಾಳೆ.” ಮಾಮ ಮೀಸೆ ನೀವಿಕೊಂಡ. “ಈಗ ಅವರಮ್ಮನ ಮನೆಗೆ ಹೋಗಿದಾಳೆ. ನಾಳೆ ಸಾಯಂಕಾಲ ವಾಪಸ್ ಬರೋದರೊಳಗೆ ಸಾಸರ್ ಮೇಲೆ ಹೊಸ ಕಪ್ ಕೂತಿರಬೇಕು!”

“ಒಂದು ನೆಟ್ಟಗಿನ ಗೆರೆ ಎಳೆಯೋಕೆ ಮೂರು ತಿಂಗಳು ಒದ್ದಾಡಿದಾರೆ ಕಣೇ,” ಎಂದು ನಕ್ಕಳು ದೊಡ್ಡಮ್ಮ. “ಎಷ್ಟು ಸಲ ಒರೆಸಿಹಾಕಿದೀನೋ! ಕೊನೆಗೂ ನಿನ್ನೆ ಬಂತು. ಅಲ್ಲೇ ಕಿಟಕಿ ಹತ್ರ ಒಣಗೋಕೆ ಇಟ್ಟಿದೀನಿ, ತಗೊಳ್ಳಿ.”

ಮಾಮ ಕಿಟಕಿಯ ಕಡೆ ನೋಡಿದ. ಅಲ್ಲಿ ಏನೂ ಇರಲಿಲ್ಲ.

ದೊಡ್ಡಮ್ಮ ಕಪಾಟು ನೋಡಿದಳು, ಮೇಜಿನ ಕೆಳಗೆ ನೋಡಿದಳು. ಜೀರಿಗೆಯೂ ಹುಡುಕಿದಳು. “ಚಿನ್ನದ ಗೆರೆ ಇರೋ ಕಪ್ಪಾ? ನಾನು ನೋಡೇ ಇಲ್ಲಪ್ಪ.”

“ಈಗಲೇ ಎಲ್ಲಿ ಚಿನ್ನದ ಥರ ಕಾಣುತ್ತೆ?” ಎಂದಳು ದೊಡ್ಡಮ್ಮ. “ ಸುಡೋವರೆಗೂ ಅದು ಕಂದು ಬಣ್ಣನೇ. ಭಟ್ಟಿಯಿಂದ ಆಚೆ ಬಂದಮೇಲೇ ಹೊಳೆಯೋದು.”

ಕಂದು ಬಣ್ಣ? ಜೀರಿಗೆ ಸೋಪಿನ ವಾಸನೆ ಬರುತ್ತಿದ್ದ ಕೈಗಳನ್ನು ಹಿಂದಕ್ಕೆ ಬಚ್ಚಿಟ್ಟುಕೊಂಡಳು.

ಬೋರಲು ಹಾಕಿದ್ದ ಸಾಲಿನಲ್ಲಿ ದೊಡ್ಡಮ್ಮ ಆಕಾರದಿಂದಲೇ ಗುರುತು ಹಿಡಿದು ಅದೇ ಕಪ್ಪನ್ನು ಎತ್ತಿ ನೋಡುತ್ತಿದ್ದಳು. ಬಿಳಿ ಬಿಳಿ ಬಿಳಿ. ಅವಳ ಮುಖ ಸಪ್ಪಗಾಯಿತು.

“ಅಯ್ಯೋ ದೇವರೇ! ನಾನೇ ಒರೆಸಿಬಿಟ್ನಾ? ದಿನಾ ಒರೆಸಿ ಒರೆಸಿ, ಕೈ ಅದೇ ಅಭ್ಯಾಸದಲ್ಲಿ… ನನ್ನ ತಲೆಗೆ ಏನಾಗಿದೆಯೋ! ಕ್ಷಮಿಸಿ, ನಿಮಗೆ ಯಾವ ಮುಖ ಇಟ್ಕೊಂಡು ಏನು ಹೇಳ್ಲಿ?”

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ದೊಡ್ಡಮ್ಮ ತನ್ನ ಕೈಗಳನ್ನೇ ಬೈದುಕೊಳ್ಳುವ ಹಾಗೆ ನೋಡಿಕೊಳ್ಳುತ್ತಿದ್ದಳು. ಅದನ್ನು ನೋಡಲು ಜೀರಿಗೆಯಿಂದ ಆಗಲಿಲ್ಲ.

“ನೀನಲ್ಲ ದೊಡ್ಡಮ್ಮ. ನಾನು… ಟೀ ಕಲೆ ಅನ್ಕೊಂಡು ಉಜ್ಜಿಬಿಟ್ಟೆ,” ಎಂದವಳೇ ಭೋರೆಂದು ಅತ್ತುಬಿಟ್ಟಳು.

ಮಾಮ ಸ್ಟೂಲಿನ ಮೇಲೆ ಕುಸಿದು ಕುಳಿತ. ಅವನು ನಗಲಿಲ್ಲ. ‘ಪರವಾಗಿಲ್ಲ ಬಿಡು’ ಎನ್ನಲೂ ಇಲ್ಲ. ಅವನು ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಜೀರಿಗೆಗೆ.

ಸ್ವಲ್ಪ ಹೊತ್ತಿನ ಮೇಲೆ ಅವನು ಗಡಿಯಾರ ನೋಡಿದ. “ಟೀಚರ್, ಬ್ರಷ್ ಕೊಡಿ. ಇನ್ನೂ ಟೈಮಿದೆ.”

ದೊಡ್ಡಮ್ಮ ಕಪ್ಪನ್ನು ಚೆನ್ನಾಗಿ ಒರೆಸಿ, ತಿರುಗುವ ಮಣೆಯ ನಟ್ಟನಡುವೆ ಇಟ್ಟಳು. ಮಾಮ ಎಡಗೈಯಲ್ಲಿ ಮಣೆ ತಿರುಗಿಸುತ್ತ ಬಲಗೈಯಲ್ಲಿ ಬ್ರಷ್ ಹಿಡಿದ. ಗೆರೆ ಹಾವಿನ ಹಾಗೆ ಹರಿಯಿತು. ದೊಡ್ಡಮ್ಮ ಒರೆಸಿದಳು. ಇನ್ನೊಂದು ಸಲ ಎಳೆದ. ಅದೂ ಹಾಗೇ. ಮನಸ್ಸು ಕೆಟ್ಟಿತ್ತಲ್ಲ, ಗೆರೆ ನೆಟ್ಟಗೆ ಬರುವುದಾದರೂ ಹೇಗೆ?

ಮಾಮ ಬ್ರಷ್ ಕೆಳಗಿಟ್ಟ. “ಬಸ್ಸೂ ನಾನೇ ಓಡಿಸಿ ಟಿಕೆಟ್ಟೂ ನಾನೇ ಕೊಡ್ಬೇಕು ಅಂದ್ರೆ ಆಗುತ್ತಾ? ನಂಗೊಬ್ಬ ಕಂಡಕ್ಟರ್ ಬೇಕು. ಬಾರಮ್ಮ ಜೀರಿಗೆ, ಮಣೆ ನೀನು ತಿರುಗಿಸು.”

“ನಾನಾ? ಬೇಡ ಮಾಮ. ನಾನು ಹಾಳು ಮಾಡಿಬಿಡ್ತೀನಿ.”

“ನೀನೇ ತಿರುಗಿಸು. ನಿಧಾನಕ್ಕೆ. ಹಂಪ್ ಮೇಲೆ ಬಸ್ ಹೋಗುತ್ತಲ್ಲ, ಹಾಗೆ.”

ಜೀರಿಗೆ ಕಣ್ಣೊರೆಸಿಕೊಂಡು ಮಣೆಗೆ ಬೆರಳು ತಾಗಿಸಿದಳು. “ರೈಟ್!” ಎಂದ ಮಾಮ. ಮಣೆ ತಿರುಗಿತು. ಬ್ರಷ್ಷಿನ ತುದಿ ಅಂಚನ್ನು ಮುಟ್ಟಿತು. ಒಂಚೂರು ಜೋರಾದರೆ ಗೆರೆ ತೆಳ್ಳಗಾಗುತ್ತದೆ, ಒಂಚೂರು ನಿಂತರೆ ದಪ್ಪ. ಜೀರಿಗೆಯ ಮೂಗು ತುರಿಸುತ್ತಿತ್ತು. ಅವಳು ತುರಿಸಿಕೊಳ್ಳಲಿಲ್ಲ. ಉಸಿರನ್ನೂ ಬಿಗಿಹಿಡಿದಿದ್ದಳು. ಕಂದು ಗೆರೆ ಮೆಲ್ಲಗೆ ಸುತ್ತಿ ಬಂದು, ಹೊರಟ ಜಾಗಕ್ಕೇ ಸೇರಿತು.

“ಹೋಲ್ಡಾನ್!” ಎಂದು ಕಿರುಚಿದ ಮಾಮ. ದೊಡ್ಡಮ್ಮ ಚಪ್ಪಾಳೆ ತಟ್ಟಿದಳು. ಮಾಮ ಜೀರಿಗೆಯ ತಲೆಗೂದಲು ಕೆದರಿ, ಸಾಸರನ್ನು ಟವೆಲಿನಲ್ಲಿ ಸುತ್ತಿಕೊಂಡು ಡ್ಯೂಟಿಗೆ ಓಡಿದ.

ಗೆರೆ ಒಣಗಿದ ಮೇಲೆ ದೊಡ್ಡಮ್ಮ ಭಟ್ಟಿಯ ಬಾಗಿಲು ತೆರೆದಳು. ಕಪ್ಪನ್ನು ತಾನು ಎತ್ತಿಕೊಳ್ಳಲಿಲ್ಲ. “ತಗೊಂಡು ಬಾ,” ಎಂದಳು.

ಜೀರಿಗೆ ಕೈಗಳನ್ನು ಫ್ರಾಕಿಗೆ ಒರೆಸಿಕೊಂಡಳು. ಗೆರೆಗೆ ಬೆರಳು ತಾಗದ ಹಾಗೆ ಕಪ್ಪನ್ನು ತಳದಲ್ಲಿ ಹಿಡಿದು, ಒಂದೊಂದೇ ಹೆಜ್ಜೆ ಇಡುತ್ತ ಬಂದಳು. ಬೇರೆ ಯಾವ ಕಪ್ಪೂ ತಾಗದ ಜಾಗ ನೋಡಿ ಇಟ್ಟು, ಕೈ ಹಿಂದಕ್ಕೆ ತೆಗೆದುಕೊಂಡ ಮೇಲೇ ಉಸಿರು ಬಿಟ್ಟಳು.

ದೊಡ್ಡಮ್ಮ ಬಾಗಿಲು ಮುಚ್ಚಿ ಸ್ವಿಚ್ ಹಾಕಿದಳು.

“ದೊಡ್ಡಮ್ಮ…”

“ಏನೇ?”

“ಮೂರು ತಿಂಗಳೂ ಮಾಮ ಹೀಗೇ ಉಸಿರು ಹಿಡ್ಕೊಂಡು ಬರೀತಿದ್ರಾ?”

“ಹೂಂ ಕಣೇ. ಪ್ರತೀ ಸಲ.”

ಜೀರಿಗೆ ಮುಚ್ಚಿದ ಬಾಗಿಲನ್ನೇ ನೋಡುತ್ತ ನಿಂತಳು. ಆಮೇಲೆ ಒಂದು ಒಡೆದ ಚೂರನ್ನು ಮುಂದಿಟ್ಟುಕೊಂಡು, ಉಸಿರು ಬಿಗಿಹಿಡಿದು, ಗೆರೆ ಎಳೆಯತೊಡಗಿದಳು.